ವಾಸ್ತು ಆಮೇಲೆ, ರಾಜಕಾಲುವೆ ಮೊದಲು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿರುವ ತಂಗಿಗೆ ಹೇಳಿದ್ದು ಇಷ್ಟೇ: ವಾಸ್ತು ಆಮೇಲೆ ನೋಡು, ಮೊದಲು ರಾಜಕಾಲುವೆ, ಅಂದರೆ ಜೋರು ಮಳೆಗೆ ಉಕ್ಕುವ ಮಳೆನೀರಿನ ದೊಡ್ಡ ಕಾಲುವೆ, ಎಲ್ಲಿದೆ ವಿಚಾರಿಸು. ಕರೆಂಟ್ ಮೀಟರ್ ನೆಲಮಾಳಿಗೆಯಲ್ಲಿದ್ದರೆ ಮುಂಗಡ ಕೊಡಬೇಡ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಎಂಥ ನೆರೆ ಎಂದು ನಗುವವರು ಇನ್ನೂ ಇದ್ದಾರೆ. ಎತ್ತರದ ಊರಿನಲ್ಲೂ ತಗ್ಗು ಇರುತ್ತದಲ್ಲ! ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಿದ್ದು ಎಲ್ಲರಿಗೂ ನೆನಪಿದೆ. ಆಗಲೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೂ ಮಳೆನೀರು ನುಗ್ಗಿ, ಇಲ್ಲಿಗೆ ಬರುವ ಕಾವೇರಿ ನೀರಿನ ಪೂರೈಕೆಗೆ ಪೆಟ್ಟು ಬಿದ್ದಿತ್ತು. ಬೀದಿಯಲ್ಲಿ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ತೊಟ್ಟೂ ಇಲ್ಲ! ನೆರೆಯ ಸಿದ್ಧತೆ ಎಂದರೆ ಕುಡಿಯುವ ನೀರು ಕೂಡಿಡುವುದೂ ಹೌದು ಎಂದು ನನಗೆ ಹೊಳೆದದ್ದೇ ಆಗ.

ಈಗ ಮಳೆಗಾಲದಲ್ಲಿ ಮನೆಯಲ್ಲಿ ಎರಡು ಕ್ಯಾನ್ ನೀರು ಹೆಚ್ಚಿಗೆ ಇರುತ್ತದೆ. ಮೇಲಿನ ಕಪಾಟಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ: ಆಧಾರ್, ಬಾಡಿಗೆ ಕರಾರು, ಟಾರ್ಚ್, ಅಮ್ಮನ ಬಿಪಿ ಮಾತ್ರೆ. ಅಮ್ಮ ಅದರೊಳಗೆ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿಯನ್ನೂ ತುರುಕಿದ್ದಾರೆ. ಬೇಡವೆನ್ನುವ ಧೈರ್ಯ ಯಾರಿಗಿದೆ?