ಎಸ್ಟಿಮೇಟ್‌ನ ಮೊದಲನೇ ಲೈನ್ ಬ್ರೇಕ್ ಆಯಿಲ್

ಮಾಗಡಿ ರೋಡ್ ಕಡೆ ನಮ್ದೊಂದು ಸಣ್ಣ ಗ್ಯಾರೇಜ್ ಇದೆ. ಎರಡು ಲಿಫ್ಟು, ನಾನು, ಒಬ್ರು ಹಳೇ ಮೇಸ್ತ್ರಿ, ಇಬ್ರು ಹುಡುಗ್ರು, ಅಷ್ಟೇ. ದಿನಾ ಬರೋದು ಕ್ಲಚ್ ಪ್ಲೇಟು, ಎಸಿ ಗ್ಯಾಸು, ಬಂಪರ್ ಪೇಂಟು ಇಂಥವೇ ಕೆಲಸ. ಎರಡು ವರ್ಷದ ಹಿಂದೆ ಒಬ್ಬ ಹುಡುಗ, ಐಟಿ ಕೆಲಸದವನು, 2001ರ ಹೋಂಡಾ ಸಿಟಿ ವಿಟೆಕ್ ತಂದು ನಿಲ್ಲಿಸಿ "ಅಣ್ಣ, ಇದನ್ನ ಟ್ರ್ಯಾಕ್ ಕಾರ್ ಮಾಡ್ಕೊಡಿ" ಅಂದ, ಅಂದ್ರೆ ರೇಸ್ ಟ್ರ್ಯಾಕಲ್ಲಿ ಓಡಿಸೋ ಥರ.

ನಾಲ್ಕು ಡೋರಿನ ಗಾಡಿ ಎಲ್ಲಿ ಸ್ಪೋರ್ಟ್ಸ್ ಕಾರ್ ಆಗತ್ತೆ ಅಂತ ಯಾರಾದ್ರೂ ನಗ್ಬೋದು, ನಗಲಿ. ನಾನು ಈ ಲೈನಿಗೆ ಬಂದಾಗ ಬೆಂಗಳೂರಲ್ಲಿ ಹುಡುಗ್ರು ಹುಚ್ಚು ಹಿಡಿಸ್ಕೊಂಡಿದ್ದಿದ್ದು ಈ ಗಾಡಿಗೇನೆ. 1.5 ಲೀಟರ್ ಇಂಜಿನ್ನು, 106 ಹಾರ್ಸ್‌ಪವರ್, ತೂಕ ಹೆಚ್ಚುಕಮ್ಮಿ ಒಂದು ಟನ್, ಆ ಕಾಲಕ್ಕೆ ಅದೇ ನಮ್ಮ ಸ್ಪೋರ್ಟ್ಸ್ ಕಾರು. ಇವತ್ತಿಗೂ ಮೇಲಿನ ಆರ್‌ಪಿಎಂನಲ್ಲಿ ವಿಟೆಕ್, ಅಂದ್ರೆ ವಾಲ್ವ್ ತೆರೆಯೋ ರೀತಿ ಬದಲಾಯಿಸೋ ಹೋಂಡಾ ಸಿಸ್ಟಮ್, ಹೊಡ್ಕೊಂಡಾಗ ಬರೋ ಸೌಂಡ್ ಕೇಳಿದ್ರೆ ನಮ್ಮ ಮೇಸ್ತ್ರಿ ಟೀ ಗ್ಲಾಸ್ ಕೆಳಗಿಟ್ಟು ತಿರುಗಿ ನೋಡ್ತಾರೆ.

ಆ ಹುಡುಗನ ಫೋನಲ್ಲಿ ಒಂದು ಲಿಸ್ಟ್ ಇತ್ತು. ಕಾರ್ಬನ್ ಬಾನೆಟ್, ಬಕೆಟ್ ಸೀಟ್ ಎರಡು, ಫುಲ್ ಎಕ್ಸಾಸ್ಟ್, ಇನ್‌ಟೇಕ್, ಕಾಯಿಲ್‌ಓವರ್, (ಎತ್ತರ ಅಡ್ಜಸ್ಟ್ ಆಗೋ ಸಸ್ಪೆನ್ಶನ್), ಅಲಾಯ್, ಸ್ಟೇರಿಂಗ್, ರೋಲ್ ಕೇಜ್ (ಪಲ್ಟಿ ಆದ್ರೆ ಕಾಪಾಡೋ ಪೈಪಿನ ಪಂಜರ), ಬ್ರೇಕಿಗೆ ಹೊಸ ಡಿಸ್ಕು, ಪ್ಯಾಡು, ಹೀಗೆ 14 ಐಟಂ. ನಾನು ಮಾಡಿದ್ದೇನು ಅಂದ್ರೆ ಆ 14 ಐಟಂ ಮುಂದೆ ರೇಟ್ ಬರ್ದು ಎಸ್ಟಿಮೇಟ್ ಕೊಟ್ಟು ಅಡ್ವಾನ್ಸ್ ಇಸ್ಕೊಂಡೆ. ಮೇಸ್ತ್ರಿ ಲಿಸ್ಟ್ ನೋಡಿ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅಂತ ಗೊಣಗಿಕೊಂಡು ಹೋದ್ರು. ಅವರು ಎಲ್ಲದಕ್ಕೂ ಏನಾದ್ರೂ ಒಂದು ಗೊಣಗ್ತಾರೆ ಅಂತ ನಾನು ಕಿವಿಗೇ ಹಾಕೊಳ್ಳಿಲ್ಲ. ಆ 14 ಐಟಂನಲ್ಲಿ ಒಂದೇ ಒಂದು ರಬ್ಬರ್ ಪಾರ್ಟ್ ಇರ್ಲಿಲ್ಲ, 20 ವರ್ಷ ದಾಟಿದ ಗಾಡಿ, ಅದು ನನ್ನ ಕಣ್ಣಿಗೆ ಬೀಳ್ಬೇಕಿತ್ತು.

ಮೊದಲು ಒಳಗಿಂದೆಲ್ಲ ಬಿಚ್ಚಿದ್ವಿ. ಹಿಂದಿನ ಸೀಟು, ಕಾರ್ಪೆಟ್ಟು, ರೂಫ್ ಬಟ್ಟೆ, ಡೋರ್ ಪ್ಯಾಡು. ಈ ಕೆಲಸ ಹುಡುಗ್ರಿಗೆ ಭಾರಿ ಖುಷಿ, ಒಂದೇ ದಿನದಲ್ಲಿ ಅರ್ಧ ಕಾರು ಗೋಡೆ ಪಕ್ಕ ರಾಶಿ ಬಿದ್ದಿತ್ತು. ಸಾಕಾಗಿ ಹೋಗಿದ್ದು ಫ್ಲೋರಿಗೆ ಅಂಟಿಸಿರೋ ಸೌಂಡ್ ತಡೆಯೋ ಟಾರ್ ಶೀಟು. ಹೀಟ್ ಗನ್ ಇಟ್ಟು ಕೆರೆದ್ರೆ ಹಲ್ವಾ ಥರ ಎಳೀತಾನೇ ಇರತ್ತೆ. ಕೊನೆಗೆ ಡ್ರೈ ಐಸ್ ತರಿಸಿದ್ವಿ, ಅದು ಮೈನಸ್ 78 ಡಿಗ್ರಿ, ಗ್ಲೌಸ್ ಇಲ್ದೆ ಮುಟ್ಟಂಗಿಲ್ಲ, ಷಟರ್ ಪೂರ್ತಿ ತೆಗೆದಿಟ್ಟೇ ಕೆಲಸ ಮಾಡ್ಬೇಕು ಇಲ್ಲಾಂದ್ರೆ ಆ ಗ್ಯಾಸಿಗೆ ತಲೆ ಸುತ್ತತ್ತೆ. ಫ್ಲೋರ್ ಮೇಲೆ ಹರಡಿ ಹತ್ತು ನಿಮಿಷ ಬಿಟ್ಟು ಸುತ್ತಿಗೇಲಿ ತಟ್ಟಿದ್ರೆ ಹಪ್ಪಳ ಮುರಿದಂಗೆ ಮುರಿದು ಬರತ್ತೆ. ತೆಗೆದಿದ್ದೆಲ್ಲ ಪಕ್ಕದ ಗುಜರಿ ಅಂಗಡಿ ತಕ್ಕಡಿಗೆ ಹಾಕಿದ್ರೆ 74 ಕೆ.ಜಿ. ಒಬ್ಬ ಮನುಷ್ಯನ್ನ ಕಾರಿಂದ ಇಳಿಸಿದಂಗಾಯ್ತು, ಅದೂ ಒಂದು ರೂಪಾಯಿ ಪಾರ್ಟ್ ಖರ್ಚಿಲ್ದೆ.

ಶೀಟ್ ಎದ್ದ ಮೇಲೆ ಅಡಿಯಲ್ಲಿ ಏನಿತ್ತು ಅಂದ್ರೆ, ಡ್ರೈವರ್ ಕಾಲಿಡೋ ಜಾಗದಲ್ಲಿ ಅಂಗೈ ಅಗಲ ತುಕ್ಕು, ಅದರ ಮೇಲೆ ಯಾರೋ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ರು. ಬೆರಳಲ್ಲಿ ಒತ್ತಿದ್ರೆ ಕೆಳಗೆ ನೆಲ ಕಾಣ್ತು. ಆ ಹುಡುಗ ಕೊಳ್ಳೋವಾಗ ಮಾರಿದವರು "ಸಿಂಗಲ್ ಓನರ್, ಫುಲ್ ಸರ್ವಿಸ್ ಹಿಸ್ಟರಿ ಸಾರ್" ಅಂತ ಹೇಳಿ ಬಿಲ್ ಫೈಲ್ ಸಮೇತ ಕೊಟ್ಟಿದ್ರಂತೆ. ಅಲ್ಲೇ ನಾನು ಬುದ್ಧಿ ಕಲೀಬೇಕಿತ್ತು. ಫ್ಲೋರ್ ಬಗ್ಗೆ ಸುಳ್ಳು ಹೇಳಿರೋ ಫೈಲು ಬೇರೇದ್ರ ಬಗ್ಗೆ ಮಾತ್ರ ನಿಜ ಹೇಳತ್ತಾ? ನಾನು ತುಕ್ಕು ಕಟ್ ಮಾಡಿಸಿ ಹೊಸ ತಗಡು ವೆಲ್ಡ್ ಮಾಡಿಸಿ ಮುಂದಕ್ಕೆ ಹೋದೆ.

ಆಮೇಲೆ ಕೇಜ್. ನಮ್ಮ ಏರಿಯಾ ವೆಲ್ಡರ್ ಅಣ್ಣ ಗೇಟು, ಗ್ರಿಲ್ ಎಲ್ಲ ಚೆನ್ನಾಗಿ ಮಾಡ್ತಾರೆ, "ಎಸ್‌ಜೆಪಿ ರೋಡಿಂದ ಪೈಪ್ ತಂದ್ಕೊಡಿ, ಎರಡು ದಿನದಲ್ಲಿ ನಿಲ್ಲಿಸ್ತೀನಿ" ಅಂದ್ರು. ಇಲ್ಲಿ ಮಾತ್ರ ನಾನು ಜಗ್ಲಿಲ್ಲ. ಗೇಟಿಗೆ ಹಾಕೋದು ತಗಡು ಸುತ್ತಿ ಜಾಯಿಂಟ್ ವೆಲ್ಡ್ ಮಾಡಿರೋ ಪೈಪು, ಕಾರು ಪಲ್ಟಿ ಹೊಡೆದಾಗ ಆ ಜಾಯಿಂಟ್ ಸೀಳಿದ್ರೆ ಕಥೆ ಮುಗೀತು. ಎಫ್‌ಐಎ (ಕಾರ್ ರೇಸಿಗೆ ರೂಲ್ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) ರೂಲ್ ಬುಕ್ಕಲ್ಲಿ ಜಾಯಿಂಟೇ ಇಲ್ಲದ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪೇ ಆಗ್ಬೇಕು ಅಂತಿದೆ, ಡ್ರೈವರ್ ಹಿಂದೆ ನಿಲ್ಲೋ ಮೇನ್ ಹೂಪ್ 45 ಎಂ.ಎಂ ಅಗಲ 2.5 ಎಂ.ಎಂ ದಪ್ಪ, ಇಲ್ಲಾ 50ಕ್ಕೆ 2. ಬಗ್ಗಿಸೋದೂ ಬಿಸಿ ಮಾಡದೆ ಬಗ್ಗಿಸ್ಬೇಕು. ಕೇಜಿನ ಕಾಲು ಕೂರೋ ಕಡೆ ಬಾಡಿ ಮೇಲೆ 3 ಎಂ.ಎಂ ದಪ್ಪದ ಪ್ಲೇಟು, ಕಮ್ಮಿ ಅಂದ್ರೂ 120 ಚದರ ಸೆಂ.ಮೀ. ಯಾಕೆ ಪ್ಲೇಟ್ ಅಂದ್ರೆ ಕಾರಿನ ಫ್ಲೋರ್ ತಗಡು ಒಂದು ಎಂ.ಎಂ ಆಸುಪಾಸು ಅಷ್ಟೇ, ಪೈಪ್ ನೇರ ಅದರ ಮೇಲೆ ಕೂತ್ರೆ ಪಲ್ಟಿ ಆದಾಗ ಪೆನ್ಸಿಲ್ ಪೇಪರ್‌ನ ತೂತು ಮಾಡಿದಂಗೆ ನುಗ್ಗತ್ತೆ. ಆ ಪ್ಲೇಟ್ ಕೂರಿಸೋ ಜಾಗದ ಪಕ್ಕದಲ್ಲೇ ಪುಟ್ಟಿ ಮೆತ್ತಿದ್ರು ಅನ್ನೋದು ನೆನೆಸ್ಕೊಂಡ್ರೆ ಈಗ್ಲೂ ಬೆವರು ಬರತ್ತೆ. ಪೀಣ್ಯದಲ್ಲಿ ಪೈಪ್ ಬಗ್ಗಿಸೋ ಒಬ್ರ ಹತ್ರ ಮಾಡಿಸಿದ್ವಿ, ಎರಡು ದಿನ ಅಂದಿದ್ದು ಮೂರು ವಾರ ಆಯ್ತು.

ಕೇಜ್ ಆದ್ಮೇಲೆ ಆ ಹುಡುಗ "ಅಣ್ಣ, ವೀಕೆಂಡಲ್ಲಿ ಇದರಲ್ಲೇ ನಂದಿ ಬೆಟ್ಟಕ್ಕೆ ಹೋಗಿ ಬರ್ಬೋದಲ್ವಾ" ಅಂದ. ಬೇಡ ಸಾರ್ ಅಂದೆ. ಹೆಲ್ಮೆಟ್ ಇಲ್ದೆ ತಲೆ ಪಕ್ಕ ಕಬ್ಬಿಣದ ಪೈಪ್ ಇಟ್ಕೊಂಡು ಸಿಟಿ ಟ್ರಾಫಿಕಲ್ಲಿ ಹೋಗೋದು ಕೇಜ್ ಇಲ್ದೆ ಹೋಗೋದಕ್ಕಿಂತ ಡೇಂಜರ್, ಹಿಂದಿಂದ ಒಂದು ಆಟೋ ಗುದ್ದಿದ್ರೂ ಸಾಕು. ಅದೂ ಅಲ್ದೆ ಮೋಟಾರ್ ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಆರ್‌ಸಿಲಿ ಇರೋದಕ್ಕೂ ಗಾಡಿಲಿ ಇರೋದಕ್ಕೂ ವ್ಯತ್ಯಾಸ ಆಗೋ ಥರ ಬದಲಾಯಿಸೋ ಹಂಗಿಲ್ಲ, 15 ವರ್ಷ ದಾಟಿದ ಗಾಡಿ ಬೇರೆ, ಐದೈದು ವರ್ಷಕ್ಕೆ ರಿನ್ಯೂವಲ್‌ಗೆ ಆರ್‌ಟಿಒ ಮುಂದೆ ನಿಲ್ಲಿಸ್ಬೇಕು. ಮುಖ ಸಣ್ಣ ಮಾಡ್ಕೊಂಡ. ಟ್ರ್ಯಾಕಿಗೂ ಓಡಿಸ್ಕೊಂಡೇ ಹೋಗೋ ಪ್ಲಾನ್ ಅವನದ್ದು, ಕಾರ್ ಹೊತ್ಕೊಂಡು ಹೋಗೋ ಫ್ಲಾಟ್‌ಬೆಡ್ ಬಾಡಿಗೆ ಕೇಳಿ ಇನ್ನೂ ಸಣ್ಣ ಆಯ್ತು.

ಬೆಂಗಳೂರಲ್ಲಿ ಸರಿಯಾದ ರೇಸ್ ಟ್ರ್ಯಾಕ್ ಇಲ್ಲ, ಹೋದ್ರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಇಲ್ಲಾಂದ್ರೆ ಚೆನ್ನೈಗೆ ಮುಂಚೆ ಸಿಗೋ ಇರುಂಗಾಟ್ಟುಕೋಟ್ಟೈ. ನಾವು ಹೋಗಿದ್ದು ಚೆನ್ನೈ ಟ್ರ್ಯಾಕಿಗೆ, ಇಲ್ಲಿಂದ ಸುಮಾರು 300 ಕಿ.ಮೀ, ಒಂದು ಸುತ್ತು 3.7 ಕಿ.ಮೀ. ರಾತ್ರಿ ಹೊರಟು ಹೊಸೂರು, ಕೃಷ್ಣಗಿರಿ ದಾಟಿ, ಆಂಬೂರಲ್ಲಿ ಬಿರಿಯಾನಿ ಅಂಗಡಿ ಎಲ್ಲ ಮುಚ್ಚಿರೋದು ನೋಡಿ ಬೇಜಾರ್ ಮಾಡ್ಕೊಂಡು, ಬೆಳಗ್ಗೆ ಹೊತ್ತಿಗೆ ಸೇರಿದ್ವಿ.

ಮೊದಲನೇ ಎರಡು ಸುತ್ತು ಆದ್ಮೇಲೆ ಒಳಗೆ ಬಂದು "ಅಣ್ಣ, ಎಕ್ಸಾಸ್ಟು ಇನ್‌ಟೇಕು ಏನ್ ವ್ಯತ್ಯಾಸ ಮಾಡಿದೆ, ರಾಕೆಟ್ ಥರ ಎಳೀತಿದೆ" ಅಂದ. ನಾನು ಸುಮ್ನಿದ್ದೆ. ಬೆಂಗಳೂರು ಇರೋದು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲೆ, ಇಲ್ಲಿ ಗಾಳಿ ತೆಳು, ಟರ್ಬೋ ಇಲ್ಲದ ಇಂಜಿನ್ ಇಲ್ಲಿ ಹತ್ತಿರತ್ತಿರ ಹತ್ತು ಪರ್ಸೆಂಟ್ ಪವರ್ ಕಳ್ಕೊಂಡೇ ಓಡತ್ತೆ, ಕೆಳಗಿಳಿದ್ರೆ ಅಷ್ಟೂ ಫ್ರೀಯಾಗಿ ವಾಪಸ್ ಬರತ್ತೆ. ಅವನು ಎಕ್ಸಾಸ್ಟಿಗೆ ಕೊಟ್ಟ ಮಾರ್ಕಲ್ಲಿ ಅರ್ಧಕ್ಕಿಂತ ಜಾಸ್ತಿ ಬಂಗಾಳ ಕೊಲ್ಲಿಗೆ ಸೇರ್ಬೇಕಿತ್ತು. ಆದ್ರೆ ದುಡ್ಡು ಕೊಟ್ಟಿರೋ ಕಸ್ಟಮರ್ ಖುಷಿಯಾಗಿರೋವಾಗ ಭೂಗೋಳ ಪಾಠ ಯಾರು ಮಾಡ್ತಾರೆ.

ಮುಂದಿನ ಸೆಷನ್, ಐದನೇ ಸುತ್ತು. ಸ್ಟ್ರೇಟ್ ಮುಗಿಯೋ ಕಡೆ ಬ್ರೇಕ್ ಲೈಟ್ ಹತ್ತಿದ್ದು ನಂಗೆ ಕಾಣ್ತು, ಗಾಡಿ ಮಾತ್ರ ನಿಧಾನ ಆಗ್ಲಿಲ್ಲ. ಲೈಟ್ ಆರಿ ಮತ್ತೆ ಹತ್ತಿ ಮತ್ತೆ ಆರಿ ಮತ್ತೆ ಹತ್ತಿ, ಪೆಡಲ್ ಪಂಪ್ ಮಾಡ್ತಿದ್ದಾನೆ ಅಂತ ಗೊತ್ತಾಗಿ ನನ್ನ ಕೈಕಾಲು ತಣ್ಣಗಾಯ್ತು. ಗಾಡಿ ನೇರ ಮಣ್ಣಿಗಿಳಿದು ಧೂಳಲ್ಲಿ ಮುಚ್ಚೋಗಿ ಎರಡು ಸುತ್ತು ತಿರುಗಿ ನಿಂತ್ಕೊಳ್ತು. ಏನೂ ಆಗ್ಲಿಲ್ಲ, ಬಂಪರ್ ಒಂದು ಕಿತ್ಕೊಂಡು ಬಂತು ಅಷ್ಟೇ. ಇಳಿದು ಬಂದವನು ಒಂದೇ ಮಾತು ಅಂದ, "ಅಣ್ಣ, ಪೆಡಲ್ ನೆಲ ಮುಟ್ತು".

ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲಲ್ಲ ಅಂದ್ರೆ ಪ್ಯಾಡ್ ಕಾದಿದೆ ಅಂತ ಅರ್ಥ. ಪೆಡಲ್ ನೆಲ ಮುಟ್ಟಿದ್ರೆ ಬ್ರೇಕ್ ಆಯಿಲ್ ಕುದ್ದಿದೆ. ಒಂದು ಟನ್ ಗಾಡಿನ 150ರಿಂದ 60ಕ್ಕೆ ಇಳಿಸೋವಾಗ ಹುಟ್ಟೋ ಶಾಖದಲ್ಲಿ ಎರಡು ಲೀಟರ್ ತಣ್ಣೀರು ಕುದಿಸ್ಬೋದು, ಒಂದೇ ಒಂದು ಸಲದ ಬ್ರೇಕಲ್ಲಿ, ಸುತ್ತಿಗೆ ಅಂಥವು ಮೂರ್ನಾಲ್ಕು. ಬ್ರೇಕ್ ಆಯಿಲ್ ವರ್ಷಗಟ್ಲೆ ಗಾಳಿಯಿಂದ ನೀರು ಹೀರ್ಕೊಂತಾ ಕೂತಿರತ್ತೆ. ಡಾಟ್ 3 ಅನ್ನೋ ಗ್ರೇಡಿನ ಆಯಿಲ್ ಹೊಸದಾಗಿದ್ದಾಗ ಕಮ್ಮಿ ಅಂದ್ರೂ 205 ಡಿಗ್ರಿವರೆಗೂ ತಡ್ಕೋಬೇಕು, ನೀರು ಸೇರಿದ ಮೇಲೆ 140 ಸಾಕು ಅಂತ ಸ್ಟ್ಯಾಂಡರ್ಡೇ ಹೇಳತ್ತೆ, ಡಾಟ್ 4ಕ್ಕೆ 230 ಮತ್ತೆ 155. ಕುದ್ದಾಗ ಗುಳ್ಳೆ ಏಳತ್ತೆ, ನೀವು ಪೆಡಲ್ ಒತ್ತೋದು ಆ ಗುಳ್ಳೆನ, ಪ್ಯಾಡ್‌ನ ಅಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕಲ್ಲಿ ಆ ಆಯಿಲ್ ಇನ್ನೂ ಹತ್ತು ವರ್ಷ ಓಡಿದ್ರೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ.

ಹಾಗಾದ್ರೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿದ ನಾನು ಆಯಿಲ್ ಯಾಕೆ ಬದಲಾಯಿಸ್ಲಿಲ್ಲ? ಪ್ಯಾಡ್ ಹಾಕೋಕೆ ಲೈನ್ ಬಿಚ್ಚೋ ಅವಶ್ಯಕತೆ ಇಲ್ಲ. ಡಬ್ಬಿ ಮುಚ್ಚಳ ತೆಗೆದು ನೋಡಿದ್ದೆ, ಆಯಿಲ್ ಜೇನುತುಪ್ಪದ ಬಣ್ಣ, ಕ್ಲೀನಾಗಿತ್ತು. ಫೈಲಲ್ಲಿ ಎಂಟು ತಿಂಗಳ ಹಿಂದಿನ ಬಿಲ್ ಇತ್ತು, ಬ್ರೇಕ್ ಆಯಿಲ್ ಚೇಂಜ್ ಅಂತ ಲೇಬರ್ ಸಮೇತ ಪ್ರಿಂಟ್ ಆಗಿತ್ತು. ಎಸ್ಟಿಮೇಟಲ್ಲೂ ಇರ್ಲಿಲ್ಲ, ಬಿಟ್ಟೆ.

ಅವತ್ತು ಮಧ್ಯಾಹ್ನ ಬಿಸಿಲಲ್ಲಿ ಟಯರ್ ಬಿಚ್ಚಿ ಬ್ರೇಕ್ ಲೈನಿನ ಏರ್ ತೆಗೆಯೋಣ ಅಂತ, ಆಯಿಲ್ ಹೊರಗೆ ಬಿಡೋ ಸಣ್ಣ ಸ್ಕ್ರೂ ಇರತ್ತಲ್ಲ, ಆ ನಿಪ್ಪಲ್‌ಗೆ ಸ್ಪ್ಯಾನರ್ ಹಾಕಿದ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ತುಕ್ಕಲ್ಲಿ ಕಲ್ಲಾಗಿತ್ತು, ಜೋರು ಮಾಡಿದ್ರೆ ಮುರಿದು ಕೈಗೆ ಬಂತು. ಮೇಸ್ತ್ರಿಗೆ ಫೋನ್ ಮಾಡಿದೆ. "ನಿಪ್ಪಲ್ ಮೇಲೆ ಸ್ಪ್ಯಾನರ್ ಗುರುತು ಇತ್ತೇನೋ?" ಅಂದ್ರು. ಇಲ್ಲ ಅಂದೆ. "ಮತ್ತೆ ಆಯಿಲ್ ಎಲ್ಲಿಂದ ತೆಗೆದ್ರಂತೆ, ಮೂಗಿನಿಂದಾನಾ? ಬಿಲ್ ಓದ್ಬೇಡ ಕಣೋ, ಬೋಲ್ಟ್ ಓದು" ಅಂತ ಬೈದು ಫೋನ್ ಇಟ್ರು. ಬಿಲ್ ಹಾಕಿದವರು ಮಾಡಿದ್ದು ಇಷ್ಟೇ, ಮೇಲಿನ ಡಬ್ಬಿಲಿದ್ದ ಹಳೇದನ್ನ ಸಿರಿಂಜಲ್ಲಿ ಎಳೆದು ಹೊಸದು ತುಂಬಿದ್ದಾರೆ, ಕೆಳಗೆ ಪೈಪು, ಪ್ಯಾಡ್ ಒತ್ತೋ ಕ್ಯಾಲಿಪರ್ ಒಳಗೆ ಇರೋದೆಲ್ಲ ಅದ್ಯಾವ ಕಾಲದ್ದೋ. ನಂಗೆ ಕಾಣಿಸಿದ ಜೇನುತುಪ್ಪ ಅದೇ. ಅವರನ್ನ ಬೈಯೋದು ಸುಲಭ, ಆದ್ರೆ ಪ್ಯಾಡ್ ಹಾಕೋವಾಗ ಆ ನಿಪ್ಪಲ್ ನನ್ನ ಕಣ್ಣೆದುರಿಗೇ ಇತ್ತಲ್ಲ.

ವಾಪಸ್ ಬಂದ್ಮೇಲೆ ನನ್ನ ಖರ್ಚಲ್ಲೇ ಎಲ್ಲ ಬಿಚ್ಚಿದ್ವಿ. ಬ್ರೇಕಿನ ನಾಲ್ಕೂ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ವು, ಒಬ್ರು ಪೆಡಲ್ ಒತ್ತಿದ್ರೆ ಮುಂದಿಂದೊಂದು ಬಲೂನ್ ಥರ ಉಬ್ಬೋದು. ಚಕ್ರ ಹಿಡ್ಕೊಂಡಿರೋ ಲೋವರ್ ಆರ್ಮಿನ ರಬ್ಬರ್ ಬುಷ್ಷು, ಇಂಜಿನ್ ಮೌಂಟು, ರೇಡಿಯೇಟರ್ ಹೋಸು ಎಲ್ಲ ಅದೇ ಕಥೆ, ಕಾಯಿಲ್‌ಓವರ್ ಕೂತಿದ್ದೇ ಸತ್ತ ಬುಷ್ ಮೇಲೆ. ಜೆಸಿ ರೋಡಲ್ಲಿ ಅರ್ಧ ಸಿಕ್ತು, ಉಳಿದಿದ್ದಕ್ಕೆ ಎರಡು ವಾರ ಕಾಯ್ಬೇಕಾಯ್ತು, ಯಾಕಂದ್ರೆ ಶಿವಾಜಿನಗರ ಗುಜರಿಲಿ ಎಲ್ಲ ಸಿಗತ್ತೆ ಆದ್ರೆ ಹಳೇ ರಬ್ಬರಿಗೆ ಹಳೇ ರಬ್ಬರ್ ತಂದು ಹಾಕಿದ್ರೆ ಏನು ಬಂತು. ಆ ಹುಡುಗ ಇನ್ನೊಂದು ಮಾತು ಹೇಳಿದ್ದ, ಉದ್ದನೆ ತಿರುವಲ್ಲಿ ಇಂಜಿನ್ ಆಯಿಲ್ ಲೈಟ್ ಮಿಣುಕ್ತಿತ್ತು ಅಂತ. ತಿರುವಲ್ಲಿ ಆಯಿಲ್ ಎಲ್ಲ ಇಂಜಿನ್ ಕೆಳಗಿನ ಚೇಂಬರಿನ ಒಂದು ಮೂಲೆಗೆ ಓಡೋಗಿ ಪಂಪ್ ಗಾಳಿ ಎಳ್ಕೊಳ್ತಿತ್ತು, ಚೇಂಬರ್ ಬಿಚ್ಚಿ ಒಳಗೆ ತಡೆಗೆ ತಗಡು ವೆಲ್ಡ್ ಮಾಡಿಸಿದ್ವಿ. ಅದಿಲ್ಲದೆ ಇನ್ನೆರಡು ಸೆಷನ್ ಓಡಿಸಿದ್ರೆ ಬೇರಿಂಗ್ ಹೋಗ್ತಿತ್ತು. ಇದೆಲ್ಲದರ ಒಟ್ಟು ಖರ್ಚು ಆ ಕಾರ್ಬನ್ ಬಾನೆಟ್ ರೇಟಿಗಿಂತ ಕಮ್ಮಿ ಬಂತು, ನಾನು ಕೂಡಿ ಕಳೆದು ಎರಡು ಸಲ ನೋಡ್ದೆ.

ಎರಡನೇ ಸಲ ಡಾಟ್ 4 ಹೊಸದು, ಬಿಸಿ ತಡೆಯೋ ಪ್ಯಾಡು, ಮುಂದಿನ ಡಿಸ್ಕಿಗೆ ಗಾಳಿ ಬರೋಕೆ ಫಾಗ್ ಲ್ಯಾಂಪ್ ತೂತಿಂದ ಪೈಪು. ಇಡೀ ದಿನ ಓಡಿಸಿದ, ಸಂಜೆ ಟಯರ್ ಸವೆದಿತ್ತು, ಬ್ರೇಕ್ ಹಂಗೇ ಇತ್ತು.

ಈಗ ಎಸ್ಟಿಮೇಟ್ ಬರೆಯೋ ರೀತಿನೇ ಬದಲಾಯಿಸಿದೀನಿ. ಕಸ್ಟಮರ್ ಲಿಸ್ಟ್ ಎರಡನೇ ಪೇಜಿಗೆ ಹೋಗತ್ತೆ, ಮೊದಲನೇ ಪೇಜು ನಂದು, ಮೊದಲನೇ ಲೈನ್ ಬ್ರೇಕ್ ಆಯಿಲ್, ಆಮೇಲೆ ಹೋಸು, ಬುಷ್ಷು, ಮೌಂಟು, ಬೆಲ್ಟು. ಮೊದಲನೇ ಪೇಜ್ ಬೇಡ ಅಂದ್ರೆ ಎರಡನೇದೂ ಮಾಡಲ್ಲ ಅಂತೀನಿ. ಇದರಿಂದ ಇಬ್ರು ಎದ್ದು ಹೋದ್ರು. ಒಬ್ರಂತೂ "ಇದರಲ್ಲಿ ಫೋಟೋ ಹಾಕೋ ಥರದ್ದು ಏನಿದೆ ಬಾಸ್" ಅಂತಾನೇ ಕೇಳಿದ್ರು, ಬೇಜಾರಾಗ್ಲಿಲ್ಲ, ಎರಡು ವರ್ಷದ ಹಿಂದೆ ನಾನೂ ಹಂಗೇ ಯೋಚನೆ ಮಾಡಿದ್ದೆ, ಬುಷ್ಷಿಗೆ ದುಡ್ಡು ಕೇಳೋಕೆ ನಾಚಿಕೆ ಆಗ್ತಿತ್ತು.

ಮೊನ್ನೆ ಒಂದು ಫಿಯೆಟ್ ಪಾಲಿಯೋ 1.6 ಕಾರ್ ಬಂತು, ಅದೂ ಟ್ರ್ಯಾಕಿಗೇ. ಓನರ್ ಆಫೀಸಲ್ಲಿ ಕೂತು ಫೈಲ್ ತೆಗೆದು ಒಂದೊಂದೇ ಬಿಲ್ ತೋರಿಸ್ತಿದ್ರು, ನೀಟಾಗಿ ಪ್ಲಾಸ್ಟಿಕ್ ಕವರಲ್ಲಿ ಹಾಕಿಟ್ಟಿದ್ರು. ಅಷ್ಟರಲ್ಲಿ ನನ್ನ ಫೋನ್ ಟಿಂಗ್ ಅಂತು. ಒಳಗಿಂದ ನಮ್ಮ ಚಿಕ್ಕ ಹುಡುಗ ಫೋಟೋ ಕಳ್ಸಿದ್ದ, ನಾಲ್ಕು ನಿಪ್ಪಲ್, ನಾಲ್ಕೂ ತುಕ್ಕು. ಕೆಳಗೆ ಏನೂ ಬರೆದಿರ್ಲಿಲ್ಲ, ಒಂದು ಜೇನುಹುಳದ ಚಿತ್ರ ಹಾಕಿದ್ದ.