ಪರಿಷೆಯ ಮರುದಿನ ಬಸವನಗುಡಿಯಲ್ಲಿ

ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಜಾತ್ರೆ, ಅಂದರೆ ಪರಿಷೆಗೆ, ಎಲ್ಲರೂ ಕಾರ್ತಿಕದ ಕೊನೆಯ ಸೋಮವಾರ ಹೋಗುತ್ತಾರೆ. ನಾನು ಹೋದದ್ದು ಮಂಗಳವಾರ ಬೆಳಗಿನ ಜಾವ. ಜನರೆಲ್ಲ ಹೋದ ಮೇಲೆ ರಸ್ತೆಯಲ್ಲಿ ಏನೇನು ಉಳಿದಿರುತ್ತದೆ ಅಂತ ನೋಡುವ ಆಸೆ. ಅದಕ್ಕೇ ಶಿವಮೊಗ್ಗದಿಂದ ಬಂದು ಹನುಮಂತನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಿದ್ದೆ.

"ದಾರೀಲಿ ಬಿದ್ದಿದ್ದನ್ನೆಲ್ಲ ಎತ್ಕೋಬೇಡ ಕಣೇ. ನಿಂಬೆಹಣ್ಣು, ಕುಂಬಳಕಾಯಿ ಹತ್ರ ಹೋಗ್ಲೇಬೇಡ," ಅಂತ ಚಿಕ್ಕಮ್ಮ ಬಾಗಿಲಲ್ಲೇ ಹೇಳಿದರು. ಆ ಮಾತನ್ನು ನಾನೂ ಮೀರುವುದಿಲ್ಲ. ದೃಷ್ಟಿ ತೆಗೆದು ಒಡೆದ ಬೂದುಗುಂಬಳದಲ್ಲಿ ಕುಂಕುಮ ಮೆತ್ತಿದ ನಾಣ್ಯ ಇರುತ್ತದಲ್ಲ, ಅದನ್ನು ಯಾವತ್ತೂ ಮುಟ್ಟಿಲ್ಲ. ಯಾರೋ ತಮ್ಮ ಮನೆಯ ಭಯವನ್ನು ಅಲ್ಲಿ ಇಳಿಸಿ ಹೋಗಿರುತ್ತಾರೆ. ಅದು ಅಲ್ಲೇ ಇರಲಿ.

ಹೀಗೆ ನೆಲ ನೋಡಿಕೊಂಡು ನಡೆಯುವ ಅಭ್ಯಾಸ ಶುರುವಾದದ್ದು ಇದೇ ಊರಿನಲ್ಲಿ. ಇಲ್ಲಿ ಕೆಲಸಕ್ಕಿದ್ದಾಗ ಒಂದು ಸಂಜೆ ಗಾಂಧಿ ಬಜಾರಿನ ಜನಜಂಗುಳಿಯಲ್ಲಿ ಅಮ್ಮನ ಒಂದು ಓಲೆ ಕಳೆದುಕೊಂಡೆ. ಅಮ್ಮ ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. ಕತ್ತಲಾಗುವವರೆಗೂ ಹುಡುಕಿದೆ. ಸಿಗಲಿಲ್ಲ. ಆವತ್ತು ಯಾರದೋ ಬಳೆಚೂರು, ಒಂದು ಗೋಲಿ, ಒಂದು 25 ಪೈಸೆ ನಾಣ್ಯ ಸಿಕ್ಕವು. ಅವು ಈಗಲೂ ಮನೆಯ ಬಿಸ್ಕತ್ ಡಬ್ಬದಲ್ಲಿವೆ. ಆ ನಾಲ್ಕಾಣೆಗೆ 2011ರ ಜೂನ್ 30ರಿಂದ ಚಲಾವಣೆಯೇ ಇಲ್ಲ.

ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಟ್ಟಲ್ಲೆಲ್ಲ ಕಡಲೆಕಾಯಿ ಸಿಪ್ಪೆ. ಕೆಲವು ವ್ಯಾಪಾರಿಗಳು ಉಳಿದ ರಾಶಿಯ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ್ದರು. ಈ ಪರಿಷೆಯ ಕಥೆಯೂ ಕಳೆದುಹೋದದ್ದರ ಕಥೆಯೇ ಅಲ್ವಾ? ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ಕಡೆಯ ರೈತರ ಹೊಲದಲ್ಲಿ ರಾತ್ರೋರಾತ್ರಿ ಕಡಲೆಕಾಯಿ ಮಾಯವಾಗುತ್ತಿತ್ತಂತೆ. ಕಾದು ನೋಡಿದರೆ ಬಸವ. ಅಟ್ಟಿಸಿಕೊಂಡು ಹೋದರೆ ಗುಡ್ಡದ ಮೇಲೆ ಕಲ್ಲಾಗಿ ಕೂತಿತ್ತು. ಅಂದಿನಿಂದ ಮೊದಲ ಬೆಳೆ ಬಸವಣ್ಣನಿಗೆ. ಕಳೆದದ್ದನ್ನು ಹುಡುಕಿ ಹೊರಟವರು ಕೊನೆಗೆ ತಾವೇ ತಂದು ಕೊಡುವಂತಾದ ಈ ಕಥೆ ನನಗೆ ತುಂಬಾ ಇಷ್ಟ.

ಒಂದೊಂದು ವಸ್ತು ಕಂಡಾಗಲೂ ನನ್ನದು ಒಂದೇ ಪ್ರಶ್ನೆ. ಇದು ಬಿದ್ದದ್ದಾ, ಬಿಸಾಕಿದ್ದಾ? ಮುರಿದ ಪೀಪಿ, ಕಡ್ಡಿ ಮಾತ್ರ ಉಳಿದ ಗಿರಗಿಟ್ಲೆ ಬಿಸಾಕಿದ್ದು. ಅವನ್ನು ಚೀಲಕ್ಕೆ ಹಾಕಿಕೊಂಡೆ. ಕೆಂಪು ಉಲ್ಲನ್ನಿನ ಪುಟ್ಟ ಕಾಲುಚೀಲ ಬಿದ್ದದ್ದು. ಅಪ್ಪನ ಹೆಗಲ ಮೇಲೆ ಕೂತ ಮಗುವಿನ ಕಾಲಿನಿಂದ ಜಾರಿರಬೇಕು. ಕೊಡವಿ, ಹತ್ತಿರದ ಕಾಂಪೌಂಡಿನ ಮೇಲೆ ಎದ್ದು ಕಾಣುವ ಹಾಗೆ ಇಟ್ಟೆ. ಕಳೆದುಕೊಂಡವರು ನೆಲ ಮಾತ್ರ ನೋಡುತ್ತಾರೆ ಅಂದುಕೊಳ್ಳುತ್ತೇವೆ. ಗೋಡೆಯನ್ನೂ ನೋಡುತ್ತಾರೆ. ನಾನು ನೋಡಿದ್ದೆ.

ರಾಮಕೃಷ್ಣ ಆಶ್ರಮದ ಹತ್ತಿರ ಸಿಪ್ಪೆಯ ನಡುವೆ ಓಲೆಯ ತಿರುಪು ಸಿಕ್ಕಿತು. ಕಡಲೆಕಾಳಿಗಿಂತಲೂ ಚಿಕ್ಕದು. ತಿರುಪು ಮೊದಲು ಬೀಳುತ್ತದೆ. ಓಲೆ ಕಿವಿಯಲ್ಲೇ ಸ್ವಲ್ಪ ದೂರ ಹೋಗಿ ಆಮೇಲೆ ಬೀಳುತ್ತದೆ. ಆದ್ದರಿಂದ ಮುಂದೆ ಹುಡುಕಬೇಕು. ಆದರೆ ಮುಂದೆ ಅಂದರೆ ಯಾವ ಕಡೆ? ಎರಡೂ ಕಡೆ ಬಗ್ಗಿ ಬಗ್ಗಿ ನೋಡಿದೆ.

"ಏನ್ ಕಳ್ಕೊಂಡ್ರಿ ಅಕ್ಕಾ?" ರಸ್ತೆ ಗುಡಿಸುತ್ತಿದ್ದ ಪೌರಕಾರ್ಮಿಕರೊಬ್ಬರು ಕೇಳಿದರು.

"ನನ್ದಲ್ಲ ಅಕ್ಕ," ಅಂತ ತಿರುಪು ತೋರಿಸಿದೆ.

ಅವರು ನಗಲಿಲ್ಲ. ಪೊರಕೆಯ ತುದಿಯಿಂದ ತಮ್ಮ ಸಿಪ್ಪೆರಾಶಿಯನ್ನು ಪೂರ್ತಿ ಹರಡಿದರು. ಇಬ್ಬರೂ ಕೂತು ನೋಡಿದೆವು. ಓಲೆ ಇರಲಿಲ್ಲ, ಒಂದು ಬೀಗದ ಕೈ ಗೊಂಚಲು ಇತ್ತು. "ಟೀ ಅಣ್ಣನ ಹತ್ರ ಕೊಡಿ. ಸಿಕ್ಕಿದ್ದೆಲ್ಲ ನಾವು ಅಲ್ಲೇ ಕೊಡೋದು," ಅಂದರು. 1872ರ ಕರಾರು ಕಾಯಿದೆಯ 71ನೇ ಸೆಕ್ಷನ್ ಪ್ರಕಾರ, ಸಿಕ್ಕ ವಸ್ತುವನ್ನು ಎತ್ತಿಕೊಂಡವರಿಗೆ, ನಂಬಿ ಕೊಟ್ಟ ವಸ್ತುವನ್ನು ಇಟ್ಟುಕೊಂಡವರಷ್ಟೇ ಹೊಣೆ ಇದೆ. ಈ ಅಕ್ಕನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟೀ ಅಂಗಡಿಯವರು ಗೊಂಚಲನ್ನು ಕಂಬದ ಮೊಳೆಗೆ ತಗುಲಿಹಾಕಿದರು.

ಅಲ್ಲಿಂದ ಒಳಗಿನ ಕ್ರಾಸ್ ಒಂದರಲ್ಲಿ ಅಶ್ವತ್ಥಕಟ್ಟೆ. ಬುಡದಲ್ಲಿ ದೇವರ ಪಟಗಳು. ಗಾಜು ಒಡೆದ ವೆಂಕಟರಮಣ, ಬಣ್ಣ ಹೋದ ಲಕ್ಷ್ಮಿ, ಗೆದ್ದಲು ತಿಂದ ಚೌಕಟ್ಟಿನೊಳಗೆ ಗಣಪತಿ. ನನ್ನ ಪ್ರಶ್ನೆ ಇಲ್ಲಿ ನಡೆಯಲಿಲ್ಲ. ಇವು ಬಿದ್ದದ್ದಲ್ಲ, ಬಿಸಾಕಿದ್ದೂ ಅಲ್ಲ. ಒಡೆದ ಪಟ ಮನೆಯಲ್ಲಿ ಇಡಬಾರದು ಅಂತಾರೆ, ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ. ಒಂದು ಪಟದ ಮೇಲೆ ಅರಿಶಿನ ಕುಂಕುಮ ಇನ್ನೂ ಹಸಿಯಾಗಿತ್ತು. ಕೊನೆಯ ಪೂಜೆ ಮಾಡಿಯೇ ತಂದಿಟ್ಟಿದ್ದಾರೆ. ಕಟ್ಟೆಯ ಮೇಲೆ ಜಾಸ್ತಿ ಹೊತ್ತು ಸುಮ್ನೆ ಕೂತೆ. ಅಲ್ಲಿಂದ ಏನನ್ನೂ ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ ನ್ಯಾಷನಲ್ ಕಾಲೇಜಿನಿಂದ ಮೆಟ್ರೋ ಹತ್ತಿದೆ. ಒಂದೇ ಸ್ಟೇಷನ್ನಿಗೆ ಕೆ.ಆರ್. ಮಾರ್ಕೆಟ್. ಅಲ್ಲಿಂದ ಜಾಲಿ ಮೊಹಲ್ಲಾದ ಗುಜರಿ ಅಂಗಡಿಗಳಿಗೆ ನಡೆದೆ. ರಟ್ಟು, ಬಿಳಿ ಕಾಗದ, ಹಾಲಿನ ಕವರ್, ತಾಮ್ರದ ತಂತಿ, ಪ್ರತಿಯೊಂದಕ್ಕೂ ಬೇರೆ ಗುಡ್ಡೆ, ಬೇರೆ ರೇಟು. ನನ್ನ ಕೈಗೆ ಒಂದೇ ಥರ ಕಾಣುವ ಪ್ಲಾಸ್ಟಿಕ್ಕನ್ನು ಅವರು ಮುಟ್ಟಿದ ಕೂಡಲೇ ಬೇರೆ ಬೇರೆ ಗೋಣಿಗೆ ಹಾಕುತ್ತಾರೆ. ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ 2011ರಲ್ಲಿ ಬಿಬಿಎಂಪಿ ಗುರುತಿನ ಚೀಟಿ ಕೊಡಲು ಶುರುಮಾಡಿತು. ಅದಕ್ಕೂ ಮೊದಲು ಬೆಳಗಿನ ಜಾವ ಗೋಣಿ ಹೊತ್ತು ನಡೆದರೆ ಕಳ್ಳರೆಂದು ಹಿಡಿಯುವ ಭಯ. ಅದೇ ಹೊತ್ತಿನಲ್ಲಿ ಚೀಲ ಹಿಡಿದು ತಿರುಗಿದ ನನ್ನನ್ನು "ಏನ್ ಕಳ್ಕೊಂಡ್ರಿ" ಅಂತ ಕೇಳಿದರು. ಈ ವ್ಯತ್ಯಾಸ ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಸಂಜೆ ಬಸ್ಸಿಗೆ ಮೊದಲು ಮತ್ತೆ ಟೀ ಅಂಗಡಿಗೆ ಹೋದೆ. ಗೊಂಚಲು ಮೊಳೆಯಲ್ಲೇ ಇತ್ತು. ಅದರ ಪಕ್ಕ ಒಂದು ಮಗುವಿನ ಕಾಲ್ಗೆಜ್ಜೆಯೂ ನೇತಾಡುತ್ತಿತ್ತು.

ನಾನು ತಿರುಪನ್ನು ಕಾಗದದಲ್ಲಿ ಸುತ್ತಿ, ಸಿಕ್ಕ ಜಾಗ ಬರೆದು ಕೊಟ್ಟೆ.

"ಇಷ್ಟಕ್ಕೂ ಯಾರಾದ್ರೂ ಬರ್ತಾರಾ ಅಕ್ಕಾ?"

"ಬರಬಹುದು ಅಣ್ಣ."

ಅವರು ಗೋಡೆಯ ಕ್ಯಾಲೆಂಡರಿನಿಂದ ಗುಂಡುಪಿನ್ನು ಕಿತ್ತು, ಚೀಟಿಯನ್ನು ಮೊಳೆಯ ಕೆಳಗೆ ಚುಚ್ಚಿದರು.