ಬೆನ್ನಿನ ನೀರೂ ಬ್ಲಾಂಕ್ ಟ್ಯೂಬೂ

ನಮ್ಮ ಬಯೋಕೆಮಿಸ್ಟ್ರಿ ಲ್ಯಾಬಿಗೆ ರಕ್ತದ ಟ್ಯೂಬುಗಳು ರಾಶಿ ರಾಶಿ ಬರುತ್ತಿದ್ದವು. ಅವಕ್ಕೆ ಯಾರೂ ಹೆದರುತ್ತಿರಲಿಲ್ಲ. ಸಿಎಸ್‌ಎಫ್ ಬಂದರೆ ಮಾತ್ರ ಹರಟೆ ನಿಲ್ಲುತ್ತಿತ್ತು. ಅದು ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ; ಬೆನ್ನಿಗೆ ಸೂಜಿ ಹಾಕಿ ತೆಗೆದ ಸ್ವಲ್ಪ ನೀರು. ಚೆಲ್ಲಿದರೆ ಇನ್ನೊಂದು ಸಲ ಚುಚ್ಚಿ ಅಂತ ಕೇಳೋಕಾಗುತ್ತಾ? ಅದರಲ್ಲೇ ಸೆಲ್ ಕೌಂಟಿಗೆ, ಕಲ್ಚರಿಗೆ, ಸಕ್ಕರೆ, ಪ್ರೋಟೀನಿಗೆ ಪಾಲು ಹೋಗಬೇಕು. ನಮ್ಮ ಎಡಿಎ ಪರೀಕ್ಷೆಗೆ ಸಿಗುತ್ತಿದ್ದದ್ದು ಕೊನೆಯ ಪಾಲು.

ಎಡಿಎ ಅಂದರೆ ಅಡೆನೋಸಿನ್ ಡಿಅಮಿನೇಸ್. ಟಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಜಾಸ್ತಿ ಇರುವ ಕಿಣ್ವ. ಮೆದುಳಿನ ಪೊರೆಗೆ ಟಿಬಿ ತಗುಲಿದಾಗ ಈ ನೀರಿನಲ್ಲಿ ಏರುತ್ತದೆ. ಕಲ್ಚರಿನಲ್ಲಿ ಟಿಬಿ ಬೆಳೆಯಲು ವಾರಗಟ್ಟಲೆ ಬೇಕು. ಸ್ಲೈಡಿನಲ್ಲಿ ಅದು ಕಣ್ಣಿಗೆ ಬೀಳದೆ ಹೋಗುವುದೇ ಹೆಚ್ಚು. ಎಡಿಎ ಅದೇ ದಿನ ಸಿಗುತ್ತಿತ್ತು.

ನಾವು ಮಾಡುತ್ತಿದ್ದದ್ದು ಗಿಯುಸ್ಟಿ–ಗಲಾಂಟಿ ವಿಧಾನ. 50 ಮೈಕ್ರೋಲೀಟರ್ ಸಿಎಸ್‌ಎಫ್‌ಗೆ ಅಡೆನೋಸಿನ್ ಇರುವ ಬಫರ್ ದ್ರಾವಣ ಸೇರಿಸಿ 37 ಡಿಗ್ರಿಯ ವಾಟರ್ ಬಾತಿನಲ್ಲಿ ಒಂದು ಗಂಟೆ ಇಡಬೇಕು. ಕಿಣ್ವ ಅಡೆನೋಸಿನ್‌ನಿಂದ ಅಮೋನಿಯಾ ಬಿಡಿಸುತ್ತದೆ. ಆಮೇಲೆ ಫಿನಾಲ್, ಹೈಪೋಕ್ಲೋರೈಟ್ ಹಾಕಿದರೆ ನೀಲಿ ಬಣ್ಣ. ನೀಲಿ ಹೆಚ್ಚಿದಷ್ಟೂ ಕಿಣ್ವ ಹೆಚ್ಚು. ಕೇಳೋಕೆ ಸುಲಭ, ಅಲ್ವಾ? ಆದರೆ ಅಮೋನಿಯಾ ಎಲ್ಲಿಂದ ಬಂತು ಅಂತ ನೀಲಿ ಬಣ್ಣ ಹೇಳುವುದಿಲ್ಲ. ಹಳೆಯ ಡಿಸ್ಟಿಲ್ಡ್ ವಾಟರ್, ಸರಿಯಾಗಿ ತೊಳೆಯದ ಟ್ಯೂಬು, ಪಕ್ಕದ ಮೇಜಿನ ಮೇಲೆ ತೆರೆದಿಟ್ಟ ಅಮೋನಿಯಾ ಬಾಟಲಿ, ಎಲ್ಲಕ್ಕೂ ಒಂದೇ ನೀಲಿ.

ಅದಕ್ಕೇ ನಮ್ಮ ಮೇಡಂ ಮೊದಲು ನೋಡುತ್ತಿದ್ದದ್ದು ಬ್ಲಾಂಕ್. ಇನ್ನೊಂದು ಟ್ಯೂಬಿನಲ್ಲಿ ಬರೀ ಅಡೆನೋಸಿನ್ ಬಫರನ್ನು ಒಂದು ಗಂಟೆ ಇಟ್ಟು, ಕೊನೆಗೆ ಅದೇ ರೋಗಿಯ ಸಿಎಸ್‌ಎಫ್ ಹಾಕಬೇಕು. ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗದಂತೆ. ಅಲ್ಲೂ ಬರುವ ನೀಲಿಯನ್ನು ಕಳೆಯಬೇಕು. ಇರುವುದೇ ನಾಲ್ಕು ಹನಿ, ಅದರಲ್ಲಿ ಬ್ಲಾಂಕಿಗೆ ಬೇರೆ ದಂಡವೇ ಅಂತ ನಾವು ಗೊಣಗುತ್ತಿದ್ದೆವು. "ಕಳೆಯದಿದ್ದರೆ ಆ ನಂಬರು ರೋಗಿಯದಲ್ಲ, ಈ ರೂಮಿನದು" ಅನ್ನುತ್ತಿದ್ದರು. ಬ್ಲಾಂಕ್ ಇಲ್ಲದ ರೀಡಿಂಗನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ರಿಪೋರ್ಟ್ ವಿಷಯದಲ್ಲೂ ಅಷ್ಟೇ ಬಿಗಿ. ಲೀಟರಿಗೆ 10 ಯೂನಿಟ್ ದಾಟಿದರೆ ಟಿಬಿ ಅಂತ ಅನುಮಾನಿಸುವುದು ವಾಡಿಕೆ. ಬೇರೆ ಬ್ಯಾಕ್ಟೀರಿಯಾದ ಸೋಂಕಿನಲ್ಲೂ, ಲಿಂಫೋಮಾ ಎಂಬ ಕ್ಯಾನ್ಸರಿನಲ್ಲೂ ಏರಬಹುದು. ಟಿಬಿ ಇದ್ದೂ ಕಡಿಮೆ ಬರಬಹುದು. 'ಟಿಬಿ ಪಾಸಿಟಿವ್' ಅಂತ ಬರೆದರೆ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದರು.

ಈಗ ನಾನಿರುವ ಲ್ಯಾಬಿನಲ್ಲಿ ಮಷಿನ್ ಇದೆ. ಹೊಸ ಕಿಟ್‌ಗಳು ಅಮೋನಿಯಾ ಅಳೆಯುವುದೇ ಇಲ್ಲ. ಫಿನಾಲ್ ಹಾಕುವ ಕೆಲಸವೂ ತಪ್ಪಿದೆ, ಒಳ್ಳೆಯದೇ ಆಯಿತು. ಸಿಎಸ್‌ಎಫ್‌ನಲ್ಲಿ ಟಿಬಿ ಹುಡುಕಲು ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಪತ್ತೆಹಚ್ಚುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಆದರೂ ಎಡಿಎ ಕೇಳುವುದು ನಿಂತಿಲ್ಲ. "9 ಬಂದಿದೆ, ಏನು ಅಂತ ತಿಳ್ಕೊಳ್ಳಲಿ?" ಅಂತ ವಾರ್ಡಿನಿಂದ ಫೋನು ಬರುತ್ತದೆ. ಸೆಲ್ಸ್ ಎಷ್ಟು, ಸಕ್ಕರೆ ಎಷ್ಟು ಅಂತ ನಾನು ವಾಪಸ್ ಕೇಳುತ್ತೇನೆ.